ಮೂವತ್ತೊಂದು ಕಿಲೋಮೀಟರ್

ಠಾಣೆಗೆ ಬರುವ ದೂರುಗಳಲ್ಲಿ ಅರ್ಧ ನಿನ್ನೆಯ ಹಾಲಿದ್ದಂತೆ, ಒಲೆಗೆ ಇಡುವಷ್ಟರಲ್ಲಿ ಒಡೆದುಹೋಗುತ್ತವೆ. ಹದಿನಾಲ್ಕನೇ ತಾರೀಖು ಸೋಮವಾರ, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಬಂದ ದೂರೂ ಅಂಥದ್ದೇ ಎಂದು ಇನ್‌ಸ್ಪೆಕ್ಟರ್‌ಗೆ ಮೊದಲು ಅನ್ನಿಸಿತು. ಹಾಗೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಕೆ ಆಮೇಲೆ ಎಷ್ಟೋ ಸಲ ಅಂದುಕೊಂಡಳು.

ದೂರು ತಂದವಳು ಬಸ್ ನಿಲ್ದಾಣದ ಹಿಂದೆ ಹೊಲಿಗೆ ಅಂಗಡಿ ಇಟ್ಟಿದ್ದ ಟೈಲರಮ್ಮ. ಬಾಡಿಗೆ ಕಾರು ಓಡಿಸುತ್ತಿದ್ದ ಗಂಡ ಹನ್ನೊಂದು ದಿನದ ಹಿಂದೆ ತೀರಿಕೊಂಡಿದ್ದ. ಜೊತೆಗೆ ಅವಳ ಅಪ್ಪ ಬಂದಿದ್ದ. ಅವನನ್ನು ಅಲ್ಲಿ ಯಾರಿಗೂ ಪರಿಚಯಿಸಬೇಕಿರಲಿಲ್ಲ. ಠಾಣೆಯ ಜೀಪು ಇಪ್ಪತ್ತು ವರ್ಷದಿಂದ ಉಸಿರಾಡುತ್ತಿದ್ದುದೇ ಅವನ ದಯೆಯಿಂದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೇಳಿ, ಇಂಥ ಬೇರಿಂಗ್ ಹೋಗಿದೆ ಅನ್ನುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಹೋಗಿರುತ್ತಿತ್ತು. ಊರಿಗೆಲ್ಲ ಅವನು ಕಿವಿ ಮೇಸ್ತ್ರಿ.

"ನಮ್ಮವರ ಮೇಲೆ ಹಾಕಿರೋ ಕೇಸು ತೆಗೀಬೇಕು ಮೇಡಂ," ಅಂದಳು ಟೈಲರಮ್ಮ.

ಇನ್‌ಸ್ಪೆಕ್ಟರ್ ಕಡತ ತರಿಸಿದಳು. ಮೂರನೇ ತಾರೀಖು ಗುರುವಾರ, ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಗುಡ್ಡದ ಸುರಂಗದೊಳಗೆ ದೀಪ ಹಾಕದೆ ನಿಂತಿದ್ದ ಕಾರಿಗೆ ಹಿಂದಿನಿಂದ ಲಾರಿ ಗುದ್ದಿದೆ. ಕಾರಿನ ಚಾಲಕ ಮತ್ತು ಹಿಂದಿನ ಸೀಟಿನಲ್ಲಿದ್ದ ವೃದ್ಧ ಸತ್ತಿದ್ದಾರೆ. ವೃದ್ಧನ ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ. ಎಫ್‌ಐಆರ್‌ನಲ್ಲಿ ಆರೋಪಿ ಸತ್ತ ಚಾಲಕನೇ. ವಾಹನ ತಪಾಸಣಾ ವರದಿಯಲ್ಲಿ ಒಂದೇ ಸಾಲು: ಯಾಂತ್ರಿಕ ದೋಷ ಕಂಡುಬಂದಿಲ್ಲ.

"ಆರೋಪಿಯೇ ಇಲ್ಲ ಅಂದ ಮೇಲೆ ಕೇಸು ತಾನಾಗೇ ಮುಗಿಯುತ್ತಮ್ಮ."

"ಕೇಸು ಮುಗಿಯುತ್ತೆ, ಹೆಸರು ಮುಗಿಯಲ್ಲ. ಶಾಲೇಲಿ ನನ್ನ ಮಗಳನ್ನ ಕೊಲೆಗಾರನ ಮಗಳು ಅಂತ ಕರೀತಾರೆ. ನಮ್ಮವರು ಮನೆ ಮುಂದೆ ನಿಲ್ಲಿಸಿದ್ರೂ ಹಿಂದಿನ ದೀಪ ಹಾಕಿ ಇಳಿಯೋ ಮನುಷ್ಯ. ಸುರಂಗದಲ್ಲಿ ಕತ್ತಲೇಲಿ ನಿಲ್ಲಿಸ್ತಾರಾ? ಗಾಡೀಲಿ ಏನೋ ಆಗಿತ್ತು."

ಇನ್‌ಸ್ಪೆಕ್ಟರ್ ಬೀರುವಿನ ಕಡೆ ತಿರುಗಿ ಖಾಲಿ ಹಾಳೆ ಹುಡುಕುತ್ತಲೇ ಕೇಳಿದಳು: "ಮೇಸ್ತ್ರಿ, ನೀವೇನಂತೀರಿ?"

ಉತ್ತರ ಬರಲಿಲ್ಲ. ಮಗಳು ಅಪ್ಪನ ತೋಳು ಮುಟ್ಟಿ, ಅವನು ತನ್ನತ್ತ ನೋಡಿದ ಮೇಲೆ, "ಮೇಡಂ ಕೇಳ್ತಿದ್ದಾರೆ," ಅಂದಳು. ಪಾಪ, ಎಷ್ಟು ಅಕ್ಕರೆ ಎಂದು ಇನ್‌ಸ್ಪೆಕ್ಟರ್ ಅಂದುಕೊಂಡಳು.

"ಬಿಡು ಮಗಳೇ," ಅಂದ ಮೇಸ್ತ್ರಿ. "ಕೆದಕಿದ್ರೆ ಹೋದವನು ಎದ್ದು ಬರ್ತಾನಾ?"

"ಬರಲ್ಲ ಅಪ್ಪ. ಅದಕ್ಕೇ ಕೆದಕ್ತಿರೋದು."

ದೂರು ದಾಖಲಾಯಿತು. ಬರೆದುಕೊಂಡವನು ದಫೇದಾರ. ಈ ಹೆಡ್ ಕಾನ್‌ಸ್ಟೇಬಲ್‌ನ ಬರವಣಿಗೆಯೆಂದರೆ ಠಾಣೆಗೆಲ್ಲ ತಮಾಷೆ. ಪಂಚನಾಮೆ ಬರೆಯಲು ಕೂತರೆ ನೊಣದ ಕಾಲನ್ನೂ ಎಣಿಸಿ ಬರೆಯುತ್ತಾನೆ ಎಂದು ಎಲ್ಲರೂ ನಗುತ್ತಿದ್ದರು.

ಅವರು ಹೊರಟ ಮೇಲೆ ಇನ್‌ಸ್ಪೆಕ್ಟರ್ ಕೇಳಿದಳು, "ಈ ತಪಾಸಣೆ ನಿಜವಾಗಿ ಮಾಡಿದ್ದು ಯಾರು?"

"ಸಹಿ ವಾಹನ ನಿರೀಕ್ಷಕರದ್ದು ಮೇಡಂ. ಗಾಡಿ ನೋಡಿ ಹೇಳಿದ್ದು ಮೇಸ್ತ್ರಿ. ನಾನೇ ಕರೆಸಿದ್ದೆ. ಅಳಿಯನ ಗಾಡಿ, ಬೇರೆಯವರಿಗಿಂತ ಮುತುವರ್ಜಿಯಿಂದ ನೋಡ್ತಾರೆ ಅಂತ."

ಇನ್‌ಸ್ಪೆಕ್ಟರ್ ಕಡತ ಮುಚ್ಚಿದಳು. ದಫೇದಾರನ ಜಾಗದಲ್ಲಿ ಆಕೆಯೇ ಇದ್ದಿದ್ದರೂ ಮೇಸ್ತ್ರಿಯನ್ನೇ ಕರೆಸುತ್ತಿದ್ದಳು.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ತರಬೇತಿ ಕೇಂದ್ರದ ಎಲೆಕ್ಟ್ರಿಷಿಯನ್ ಬಂದ. ದಪ್ಪ ಕನ್ನಡಕದ ಕಡ್ಡಿ ಮನುಷ್ಯ, ಮಾತು ಚಾವಟಿ. ಜಪ್ತಿ ಗಾಡಿಗಳ ಅಂಗಳದಲ್ಲಿ ಕಾರಿನ ಹಿಂಭಾಗ ಸೀಟಿನವರೆಗೆ ಮುದುಡಿತ್ತು. ಮುಂಭಾಗ ಮಾತ್ರ ಏನೂ ಆಗದಂತೆ ನೆಟ್ಟಗಿತ್ತು.

"ವಾಚ್, ಬಳೆ, ಉಂಗುರ ಇದ್ರೆ ತೆಗೆದಿಟ್ಟು ಬನ್ನಿ," ಅಂದ ಅವನು. "ಆಲ್ಟರ್ನೇಟರ್ ಅಂದ್ರೆ ಗೊತ್ತಲ್ಲ, ಇಂಜಿನ್ ಓಡುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ತುಂಬಿಸೋದು. ಅದರ ದಪ್ಪ ತಂತೀಲಿ ಗಾಡಿ ನಿಂತಿದ್ರೂ ಕರೆಂಟ್ ಇರುತ್ತೆ. ಬಳೆ ತಾಗಿದ್ರೆ ಮಣಿಕಟ್ಟೇ ಬೇಯುತ್ತೆ. ದಫೇದಾರ್ರೇ, ಆ ಕೊರಳಿನ ಕರ್ಚೀಫೂ ತೆಗೀರಿ, ಇಂಜಿನ್ ಬೆಲ್ಟ್ ಎಳ್ಕೊಂಡ್ರೆ ನಿಮ್ಮನ್ನ ಬಿಡಿಸೋಕೆ ನನ್ನ ಹತ್ರ ಪಾನಾ ಇಲ್ಲ."

ಕಾರಿನ ಬ್ಯಾಟರಿ ಪೂರ್ತಿ ಬರಿದಾಗಿತ್ತು. ಮೊದಲು ಮೈನಸ್ ತಂತಿ, ಆಮೇಲೆ ಪ್ಲಸ್ ಬಿಚ್ಚಿ ಅದನ್ನು ಎತ್ತಿಟ್ಟ. ತುಂಬಿದ ಬ್ಯಾಟರಿ ಕೂರಿಸಿ ಮೊದಲು ಪ್ಲಸ್, ಕೊನೆಗೆ ಮೈನಸ್ ಬಿಗಿದ. ಸ್ಟೇರಿಂಗಿನ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿ ಕೀ ತಿರುಗಿಸಿದ. ಪರದೆಯ ಮೇಲೆ ಅಕ್ಷರ ಮೂಡಿದವು.

"ಆಲ್ಟರ್ನೇಟರ್ ಸರ್ಕ್ಯೂಟಿನಲ್ಲಿ ದೋಷ ಅಂತ ಗಾಡಿ ಕಂಪ್ಯೂಟರಿನಲ್ಲಿ ಕೋಡ್ ಕೂತಿದೆ, ಇದು ಬಂದ್ರೆ ಮೀಟರ್ ಹತ್ರ ಕೆಂಪು ದೀಪವೂ ಉರಿಯುತ್ತೆ. ಇಲ್ಲಿ ನೋಡಿ ಮೇಡಂ. ಇದಕ್ಕೂ ಮುಂಚೆ ಇದೇ ಕೋಡನ್ನ ಯಾರೋ ಅಳಿಸಿದ್ದಾರೆ. ಅಳಿಸಿದ ಮೇಲೆ ಗಾಡಿ ಓಡಿರೋದು ಮೂವತ್ತೊಂದು ಕಿಲೋಮೀಟರ್. ನಾಲ್ಕನೇ ಕಿಲೋಮೀಟರಿಗೆ ಕೋಡ್ ವಾಪಸ್ ಬಂದಿದೆ. ಅಲ್ಲಿಂದ ಗಾಡಿ ಬರೀ ಬ್ಯಾಟರಿ ಮೇಲೆ ಓಡಿದೆ. ಸುರಂಗಕ್ಕೆ ಬಂದು ದೊಡ್ಡ ದೀಪ ಹಾಕಿದ್ದಾನೆ, ಅದೇ ಅದರ ಕೊನೇ ತುತ್ತು. ಆಮೇಲೆ ಇಂಜಿನ್ನೂ ಇಲ್ಲ, ದೀಪವೂ ಇಲ್ಲ, ಹಾರನ್ನೂ ಇಲ್ಲ."

"ಕೋಡ್ ಅಳಿಸಿದ್ರೆ ರಿಪೇರಿ ಆದಂಗಾ?"

"ಜ್ವರ ನೋಡೋ ಕಡ್ಡಿ ಮುರಿದ್ರೆ ಜ್ವರ ಇಳಿಯುತ್ತಾ?"

ಅವನು ಎಲ್ಲರನ್ನೂ ಎರಡು ಹೆಜ್ಜೆ ಹಿಂದೆ ನಿಲ್ಲಿಸಿ ಇಂಜಿನ್ ಶುರು ಮಾಡಿದ. ಮೀಟರಿನ ಎರಡು ಮೊನೆ ಬ್ಯಾಟರಿಗೆ ತಾಗಿಸಿದ. ಹದಿನಾಲ್ಕು ಪಾಯಿಂಟ್ ಎರಡು ವೋಲ್ಟ್. ಮತ್ತೊಮ್ಮೆ ನೋಡಿದ, ಅಷ್ಟೇ. ಇಂಜಿನ್ ನಿಲ್ಲಿಸಿ ಕನ್ನಡಕ ಒರೆಸಿಕೊಂಡ.

"ಈ ಆಲ್ಟರ್ನೇಟರ್ ಕಲ್ಲುಗುಂಡು ಹಾಗಿದೆ. ಕಂಪ್ಯೂಟರ್ ನೋಡಿದ್ರೆ ಸತ್ತುಹೋಗಿತ್ತು ಅನ್ನುತ್ತೆ. ಸತ್ತದ್ದು ಎದ್ದು ಕೂರಲ್ಲ ಮೇಡಂ. ಇದರ ಪ್ಲಗ್ಗನ್ನೂ ಯಾರೋ ಈಚೆಗೆ ಉಜ್ಜಿದ್ದಾರೆ, ಕನ್ನಡಿ ಹಾಗೆ ಹೊಳೀತಿದೆ."

ಆಗ ದಫೇದಾರ ಗಂಟಲು ಸರಿಮಾಡಿಕೊಂಡ. ಬಗಲಿನಿಂದ ಮೂರನೇ ತಾರೀಖಿನ ಪಂಚನಾಮೆ ತೆಗೆದು, ನಾಲ್ಕನೇ ಪುಟದ ಒಂದು ಸಾಲಿನ ಮೇಲೆ ಬೆರಳಿಟ್ಟ. "ಆಲ್ಟರ್ನೇಟರಿನ ಮೈಮೇಲೆ ಬೆರಳಗಲದ ಹಸಿರು ಬಣ್ಣದ ಗುರುತು ಇರುತ್ತದೆ."

ಮೂವರೂ ಬಗ್ಗಿ ನೋಡಿದರು. ಹಸಿರು ಇರಲಿಲ್ಲ. ಇಷ್ಟು ವರ್ಷ ನೊಣದ ಕಾಲು ಎಣಿಸಿದ್ದಕ್ಕೆ ಇವತ್ತು ಬೆಲೆ ಬಂದಿತ್ತು, ಆದರೆ ದಫೇದಾರನ ಮುಖದಲ್ಲಿ ಸಂತೋಷದ ಸುಳಿವಿಲ್ಲ. ಅಂಗಳದ ಪುಸ್ತಕವನ್ನೂ ಅವನೇ ತಂದ. ಆರನೇ ತಾರೀಖು ಭಾನುವಾರ, ಅಂದರೆ ತಪಾಸಣೆಯ ಹಿಂದಿನ ದಿನ, ಸಂಜೆ ನಾಲ್ಕು ಹದಿನೈದಕ್ಕೆ ಒಳಗೆ ಬಂದವರು ಒಬ್ಬರೇ. ಕಾರಣ: ನಟ್ಟು ಸಡಿಲಿಸಿಡಲು. ಕೈಯಲ್ಲಿ: ಗೋಣಿಚೀಲ ಒಂದು. ಹೆಸರಿನ ಜಾಗದಲ್ಲಿ ಕಿವಿ ಮೇಸ್ತ್ರಿಯ ಸಹಿ.

"ಕಳ್ಳನ ಕೈಗೆ ಬೀಗದ ಕೈ ಕೊಟ್ಟವನು ನಾನೇ ಮೇಡಂ," ಅಂದ ದಫೇದಾರ.

"ಇನ್ನೂ ಹಾಗನ್ನಬೇಡಿ. ಜೀಪು ತೆಗೀರಿ."

ಸುರಂಗದೊಳಗೆ ಕಾರು ನಿಂತಿದ್ದ ಜಾಗದಲ್ಲಿ ಗಾಜಿನ ಚೂರು ಇನ್ನೂ ಇತ್ತು. ಅರ್ಧಕ್ಕರ್ಧ ದೀಪ ಉರಿಯುತ್ತಿರಲಿಲ್ಲ. ಜೀಪಿನ ಮೀಟರ್ ಬರೆದುಕೊಂಡು, ಮಧ್ಯಾಹ್ನ ಹನ್ನೆರಡೂವರೆಗೆ ಕಾರು ಬಂದಿದ್ದ ದಾರಿಯಲ್ಲೇ ಹಿಂದಕ್ಕೆ ಹೊರಟರು. ಹದಿನೆಂಟನೇ ಕಿಲೋಮೀಟರಿಗೆ ಆ ವೃದ್ಧ ದಂಪತಿ ಕಾರು ಹತ್ತಿದ್ದ ಕಣ್ಣಾಸ್ಪತ್ರೆ. ಇಪ್ಪತ್ತಾರಕ್ಕೆ ರೈಲ್ವೆ ಗೇಟು. ದಾರಿಯಲ್ಲಿ ಇನ್ನೂ ಮೂರು ಗ್ಯಾರೇಜ್ ಇದ್ದವು, ಒಂದೊಂದು ಬಂದಾಗಲೂ ಇನ್‌ಸ್ಪೆಕ್ಟರ್ ಇದೇ ಆಗಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಮೀಟರ್ ಯಾರ ಮಾತೂ ಕೇಳುವುದಿಲ್ಲ. ಮೂವತ್ತೊಂದು ಆದಾಗ ಜೀಪು ಕಿವಿ ಮೇಸ್ತ್ರಿಯ ಶೆಡ್ಡಿನ ಎದುರಿಗಿತ್ತು.

ದಫೇದಾರ ಇಂಜಿನ್ ಆರಿಸಲಿಲ್ಲ. "ಮೀಟರ್ ತಪ್ಪು ತೋರಿಸ್ತಿರಬಹುದು ಮೇಡಂ."

"ಅದನ್ನ ರಿಪೇರಿ ಮಾಡಿದ್ದು ಯಾರು?"

"ಅವರೇ."

"ಹಾಗಾದ್ರೆ ಸರಿಯಾಗೇ ಇರುತ್ತೆ. ಒಳಗೆ ಹೋಗೋ ಮುಂಚೆ ಆಸ್ಪತ್ರೇಲಿರೋ ಅಜ್ಜಿಯನ್ನ ಕೇಳೋಣ, ನಡೀರಿ."

ಬುಧವಾರ ಹನ್ನೊಂದಕ್ಕೆ ಇನ್‌ಸ್ಪೆಕ್ಟರ್ ಆಸ್ಪತ್ರೆಗೆ ಹೋದಳು. ಅಜ್ಜಿಗೆ ಪ್ರಜ್ಞೆ ಬಂದು ಎರಡು ದಿನವಾಗಿತ್ತಷ್ಟೆ. ಕಾಲಿಗೆ ಕಬ್ಬಿಣ ಹಾಕಿದ್ದರು. ಗಂಡ ಹೋದದ್ದನ್ನು ಅವಳಿಗೆ ಹೇಳಿ ಆಗಿತ್ತು.

"ಕಾರಿನಲ್ಲಿ ಕೆಂಪು ದೀಪ ಏನಾದ್ರೂ ನೋಡಿದ್ರಾ ಅಜ್ಜಿ?"

"ನೋಡಿದೆ. ವಾಂತಿ ಬರುತ್ತೆ ಅಂತ ನಾನು ಮುಂದೆ ಕೂತಿದ್ದೆ. ಚಿಕ್ಕ ಪೆಟ್ಟಿಗೆ ಥರ ದೀಪ. ಇದ್ಯಾಕಪ್ಪ ಉರೀತಿದೆ ಅಂದೆ. ಗಾಡಿ ಪಕ್ಕಕ್ಕೆ ಹಾಕಿ ಮೇಸ್ತ್ರಿಗೆ ಫೋನ್ ಮಾಡಿದ. ಕಿರುಚಿ ಕಿರುಚಿ ಕೇಳಿದ, ದೀಪ ಮತ್ತೆ ಬಂತು, ಬರ್ಲಾ ಇಲ್ಲಾ ನಿಲ್ಲಿಸ್ಲಾ ಅಂತ."

"ಅವರೇನಂದ್ರು?"

"ಏನಾಗಲ್ಲ, ಬಾ ಬಾ. ನನಗೂ ಕೇಳಿಸ್ತು."

"ಸುರಂಗದಲ್ಲಿ?"

"ಎಲ್ಲಾ ಒಟ್ಟಿಗೇ ಆರಿಹೋಯ್ತು ಮಗಳೇ. ನಮ್ಮೆಜಮಾನ್ರಿಗೆ ಎರಡೂ ಕಣ್ಣಿಗೆ ಔಷಧಿ ಬಿಟ್ಟಿದ್ರು, ಇಳಿಯೋಕೆ ತಡಕಾಡ್ತಿದ್ರು. ಆ ಹುಡುಗ ಮೊಬೈಲ್ ಟಾರ್ಚ್ ಹಿಡ್ಕೊಂಡು ಹಿಂದಕ್ಕೆ ಓಡಿದ. ಕೈ ಬೀಸ್ತಾ ಇದ್ದ, ಕನ್ನಡೀಲಿ ಕಂಡೆ. ಓಡಿಹೋಗಿ ಗೋಡೆ ಪಕ್ಕ ನಿಂತಿದ್ರೆ ಉಳೀತಿದ್ದ. ನಮ್ಮನ್ನ ಬಿಟ್ಟು ಹೋಗ್ಲಿಲ್ಲ." ಅಜ್ಜಿ ಮುಖ ಆ ಕಡೆ ತಿರುಗಿಸಿದಳು. "ಅವನ ಮೇಲೇ ಕೇಸಂತೆ. ಥೂ, ನಿಮ್ಮ ಮನೆ ಹಾಳಾಗ!"

ಬೈಸಿಕೊಳ್ಳುವುದು ಪೊಲೀಸರಿಗೆ ಹೊಸದಲ್ಲ. ಆದರೆ ಇದಕ್ಕೆ ತಾನು ಅರ್ಹಳು ಎಂದು ಇನ್‌ಸ್ಪೆಕ್ಟರ್‌ಗೆ ಅನ್ನಿಸಿತು. ಮಧ್ಯಾಹ್ನ ಫೋನ್ ಕಂಪನಿಯ ಪಟ್ಟಿ ಬಂತು. ಮೂರನೇ ತಾರೀಖು ಹತ್ತು ಐವತ್ತೆರಡು, ಮೇಸ್ತ್ರಿಯ ನಂಬರು, ಇಪ್ಪತ್ತೆರಡು ಸೆಕೆಂಡು.

ಗುರುವಾರ ಮೂರಕ್ಕೆ ಇಬ್ಬರು ಪಂಚರನ್ನೂ ಎಲೆಕ್ಟ್ರಿಷಿಯನ್‌ನನ್ನೂ ಕರೆದುಕೊಂಡು ಶೆಡ್ಡಿಗೆ ಹೋದರು. ಮೇಸ್ತ್ರಿ ಬೆನ್ನು ತಿರುಗಿಸಿಕೊಂಡು ಬೆಂಚಿನ ಮೇಲೆ ನಟ್ಟು ಆರಿಸುತ್ತಿದ್ದ. ಇನ್‌ಸ್ಪೆಕ್ಟರ್ ಬಾಗಿಲಲ್ಲಿ ನಿಂತು ಕರೆದಳು. ಅವನು ತಿರುಗಲಿಲ್ಲ. ಮತ್ತೆ ಕರೆದಳು. ಅಷ್ಟರಲ್ಲಿ ದಫೇದಾರನ ಕೈತಾಗಿ ದೊಡ್ಡ ಪಾನಾವೊಂದು ಸಿಮೆಂಟ್ ನೆಲಕ್ಕೆ ಬಿತ್ತು. ಪಂಚರಿಬ್ಬರೂ ಬೆಚ್ಚಿಬಿದ್ದರು. ಮೇಸ್ತ್ರಿ ನಟ್ಟು ಆರಿಸುತ್ತಲೇ ಇದ್ದ.

ಸೋಮವಾರ ಬೀರುವಿನ ಕಡೆ ತಿರುಗಿ ತಾನು ಕೇಳಿದ ಪ್ರಶ್ನೆ ಇನ್‌ಸ್ಪೆಕ್ಟರ್‌ಗೆ ನೆನಪಾಯಿತು. ಹೋಗಿ ಅವನ ಎದುರಿಗೆ ನಿಂತಳು.

"ಹಸಿರು ಗುರುತಿನ ಆಲ್ಟರ್ನೇಟರ್ ಎಲ್ಲಿ ಮೇಸ್ತ್ರಿ?"

ಅವನು ಅವಳ ತುಟಿಯನ್ನೇ ನೋಡಿದ. ಆಮೇಲೆ ಬೆಂಚಿನ ಕೆಳಗೆ ಕೈ ತೋರಿಸಿದ.

ಗೋಣಿಚೀಲದೊಳಗೆ, ಹಳೆಯ ಅಂಗಿಯೊಂದರಲ್ಲಿ ಸುತ್ತಿ ಇಟ್ಟಿದ್ದ. ಗುಜರಿಗೆ ಹಾಕಿದ್ದರೆ ಯಾರಿಗೂ ಸಿಗುತ್ತಿರಲಿಲ್ಲ, ಅವನಿಗೆ ಎಸೆಯಲು ಮನಸ್ಸು ಬಂದಿರಲಿಲ್ಲ. ಎಲೆಕ್ಟ್ರಿಷಿಯನ್ ಪಂಚರೆದುರು ಅದನ್ನು ಬಿಚ್ಚಿದ. ಕರೆಂಟನ್ನು ಹದದಲ್ಲಿಡುವ ರೆಗ್ಯುಲೇಟರ್ ಸುಟ್ಟು ಕರ್ರಗಾಗಿತ್ತು. ಪ್ಲಗ್ ಕೂರುವ ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟಿತ್ತು.

"ಮೊದಲು ಇದ್ದದ್ದು ಈ ಕಿಲುಬು ಅಷ್ಟೇ," ಅಂದ ಅವನು. "ದೀಪ ಬಂದದ್ದು ಇದಕ್ಕೇ. ಇಂಜಿನ್ ನಿಲ್ಲಿಸಿ, ಪ್ಲಗ್ ಬಿಚ್ಚಿ ಉಜ್ಜಿದ್ರೆ ಎರಡು ನಿಮಿಷದ ಕೆಲಸ. ರೆಗ್ಯುಲೇಟರ್ ಸುಟ್ಟದ್ದು ಆಮೇಲೆ." ಮೇಸ್ತ್ರಿಯ ಎದುರು ಬಂದು ನಿಂತ. "ಓಡ್ತಿರೋ ಇಂಜಿನ್ನಿನಲ್ಲಿ ಬ್ಯಾಟರಿ ತಂತಿ ಕಿತ್ರಾ?"

"ನಲವತ್ತು ವರ್ಷದಿಂದ ಹಾಗೇ ನೋಡೋದು," ಅಂದ ಮೇಸ್ತ್ರಿ. "ತಂತಿ ಕಿತ್ತ ಮೇಲೂ ಇಂಜಿನ್ ಓಡಿದ್ರೆ ಆಲ್ಟರ್ನೇಟರ್ ಸರಿ ಅಂತ. ಓಡ್ತಿತ್ತು."

"ಅದು ಹಳೇ ಗಾಡಿಗಳ ಕಾಲ. ಇವುಗಳಲ್ಲಿ ಬ್ಯಾಟರಿ ಕಿತ್ತ ತಕ್ಷಣ ಕರೆಂಟ್ ಒಮ್ಮೆಗೇ ಏರುತ್ತೆ, ಏನು ಬೇಕಾದ್ರೂ ಸುಡುತ್ತೆ. ನೆಗಡಿ ಬಂತು ಅಂತ ಮೂಗು ಕೊಯ್ದ ಹಾಗಾಯ್ತಲ್ಲ ಮೇಸ್ತ್ರಿ!"

ಮೇಸ್ತ್ರಿ ಕೂತುಕೊಂಡ. ಮುಂದಿನ ಪ್ರಶ್ನೆಗಳನ್ನು ಇನ್‌ಸ್ಪೆಕ್ಟರ್ ಅವನ ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಕೇಳಿದಳು. ದಫೇದಾರ ಬರೆದುಕೊಂಡ.

"ಕಿವಿ ಯಾವಾಗಿನಿಂದ ಕೇಳಿಸಲ್ಲ?"

"ಎರಡು ವರ್ಷ ಆಯ್ತು."

"ಯಾರಿಗೆ ಹೇಳಿದ್ದೀರಿ?"

"ಯಾರಿಗೂ ಇಲ್ಲ. ಕಿವಿ ಸತ್ತ ಕಿವಿ ಮೇಸ್ತ್ರಿ ಹತ್ರ ಯಾರು ಬರ್ತಾರೆ ಮೇಡಂ?"

"ಕೋಡ್ ಅಳಿಸಿದ್ದು?"

ಅವನು ಗೂಡಿನಲ್ಲಿದ್ದ ಚಿಕ್ಕ ಸ್ಕ್ಯಾನರ್ ತೋರಿಸಿದ. "ಅಳಿಯ ತಂದುಕೊಟ್ಟಿದ್ದ. ಅದರಲ್ಲಿ ನನಗೆ ಗೊತ್ತಿರೋದು ಒಂದೇ ಗುಂಡಿ, ಅಳಿಸೋದು. ಒತ್ತಿದೆ, ದೀಪ ಹೋಯ್ತು. ಇಂಜಿನ್ ಶಬ್ದ ಬೇರೆ ಥರ ಇದೆ ಮಾವ ಅಂದ. ಏನೂ ಇಲ್ಲ ಹೋಗೋ ಅಂದೆ. ನನಗೆಲ್ಲಿ ಕೇಳಿಸಬೇಕು?"

"ಅವರು ದಾರಿಯಿಂದ ಫೋನ್ ಮಾಡಿದ್ರು."

"ಪರದೆ ಮೇಲೆ ಅವನ ಹೆಸರು ಕಂಡಿತು, ಎತ್ತಿದೆ. ಏನಂದನೋ ಏನೋ. ಯಾರು ಫೋನ್ ಮಾಡಿದ್ರೂ ನಾನು ಅದೇ ಅನ್ನೋದು. ಏನಾಗಲ್ಲ, ಬಾ ಬಾ."

ದಫೇದಾರ ಬರೆಯುವುದನ್ನು ನಿಲ್ಲಿಸಿದ್ದ. ಇನ್‌ಸ್ಪೆಕ್ಟರ್ ಕಣ್ಸನ್ನೆ ಮಾಡಿದ ಮೇಲೆ ಅದನ್ನೂ ಬರೆದ.

"ಆಲ್ಟರ್ನೇಟರ್ ಬದಲಾಯಿಸಿ, ದೋಷ ಇಲ್ಲ ಅಂತ ಹೇಳಿ, ತಪ್ಪೆಲ್ಲ ಸತ್ತವನ ತಲೆಗೆ ಕಟ್ಟಿದ್ರಿ. ಯಾಕೆ ಮೇಸ್ತ್ರಿ?"

"ಅಳಿಯ ಹೋದ. ನಿಜ ಗೊತ್ತಾದ್ರೆ ಮಗಳೂ ಹೋಗ್ತಾಳೆ ಅನ್ನಿಸ್ತು." ಅವನು ಅಂಗೈ ನೋಡಿಕೊಂಡ. "ಸತ್ತವನಿಗೆ ನೋಯಲ್ಲ ಅಂದ್ಕೊಂಡೆ. ಮೊಮ್ಮಗಳನ್ನ ಹಾಗೆ ಕರೀತಾರೆ ಅಂತ ಆಮೇಲೆ ಗೊತ್ತಾಯ್ತು. ಅಷ್ಟರಲ್ಲಿ ಅದು ಗಂಟಲಲ್ಲಿ ಸಿಕ್ಕಿದ ಬಿಸಿ ತುಪ್ಪ, ಉಗುಳೋಕೂ ಆಗ್ಲಿಲ್ಲ, ನುಂಗೋಕೂ ಆಗ್ಲಿಲ್ಲ."

ಸಂಜೆ ಐದು ಹತ್ತಕ್ಕೆ ಮೇಸ್ತ್ರಿಯನ್ನು ಬಂಧಿಸಲಾಯಿತು. ನಿರ್ಲಕ್ಷ್ಯದಿಂದ ಇಬ್ಬರ ಸಾವು, ಸುಳ್ಳು ಮಾಹಿತಿ, ಸಾಕ್ಷ್ಯನಾಶ. ಜೀಪು ಹತ್ತುವಾಗ ಅವನು ಅಭ್ಯಾಸಬಲದಿಂದ ಬಾನೆಟ್ಟಿನ ಮೇಲೆ ಕೈಯಿಟ್ಟು, ಇಂಜಿನ್ನಿನ ನಡುಕ ನೋಡಿದ. ಬೆರಳಿನಿಂದಲೇ ಇಷ್ಟು ದಿನ ಕೇಳುತ್ತಿದ್ದ.

ಶುಕ್ರವಾರ ಸಂಜೆ ನಾಲ್ಕು ಹತ್ತಕ್ಕೆ ಟೈಲರಮ್ಮ ಬಂದಳು. ಹಳೆಯ ಎಫ್‌ಐಆರ್ ಮುಗಿಸುವ ವರದಿಯನ್ನು ಇನ್‌ಸ್ಪೆಕ್ಟರ್ ತಾನೇ ಬರೆದಿದ್ದಳು. ಮೃತ ಚಾಲಕನ ತಪ್ಪು ಕಂಡುಬಂದಿರುವುದಿಲ್ಲ, ಪ್ರಯಾಣಿಕರನ್ನು ಉಳಿಸಲು ಯತ್ನಿಸುವಾಗ ಪ್ರಾಣ ಕಳೆದುಕೊಂಡಿರುತ್ತಾನೆ. ಟೈಲರಮ್ಮ ಆ ಸಾಲನ್ನು ಎರಡು ಸಲ ಓದಿದಳು. ಅವಳು ಕೇಳಿದ್ದು ಅವಳಿಗೆ ಸಿಕ್ಕಿತ್ತು. ಮುಖ ಮಾತ್ರ ಬೂದಿ ಬಣ್ಣಕ್ಕೆ ತಿರುಗಿತ್ತು.

"ಅಪ್ಪನ ಮೇಲಿನ ಕೇಸಿನ ಹೇಳಿಕೆಗೂ ನಿಮ್ಮ ಸಹಿ ಬೇಕು. ದೂರುದಾರರು ನೀವೇ," ಅಂದಳು ಇನ್‌ಸ್ಪೆಕ್ಟರ್.

"ಮೊದಲು ಅಪ್ಪನ್ನ ನೋಡ್ಲಾ?"

ಲಾಕಪ್ಪಿನಲ್ಲಿ ಮೇಸ್ತ್ರಿ ಗೋಡೆಗೆ ಮುಖ ಮಾಡಿ ಕೂತಿದ್ದ. ಟೈಲರಮ್ಮ ಕಂಬಿಯ ಹತ್ತಿರ ಹೋಗಿ ನಿಂತಳು. ಕರೆಯಲಿಲ್ಲ. ಕಂಬಿಗಳ ನಡುವೆ ತೋಳು ತೂರಿಸಿ, ಅವನ ಅಂಗಿಯ ತೋಳಿನ ಕಡೆ ಕೈ ಚಾಚಿದಳು. ಒಂದು ಗೇಣು ಸಾಲದೆ ಹೋಯಿತು. ಭುಜ ಕಂಬಿಗೆ ಒತ್ತಿ ಮತ್ತೆ ಚಾಚಿದಳು.

ಇನ್‌ಸ್ಪೆಕ್ಟರ್‌ಗೆ ನೋಡಲಾಗಲಿಲ್ಲ. "ಅಮ್ಮಾ, ನಿಮ್ಮಪ್ಪನಿಗೆ..."

"ಕೇಳಿಸಲ್ಲ. ಗೊತ್ತು ಮೇಡಂ."

"ಗೊತ್ತಾ?"

"ಎರಡು ವರ್ಷದಿಂದ. ನಮ್ಮವರೇ ಮೊದಲು ಕಂಡುಹಿಡಿದದ್ದು. ಕಿರುಚಿ ಹೇಳಿದ್ರೆ ಅಷ್ಟಿಷ್ಟು ಕೇಳಿಸುತ್ತೆ ಅಂದ್ಕೊಂಡಿದ್ವಿ. ನಮಗೆ ಗೊತ್ತಾಗಿದೆ ಅಂತ ಮಾವನಿಗೆ ಗೊತ್ತಾಗಬಾರದು, ಆ ಮನುಷ್ಯನಿಗೆ ಇರೋದೊಂದೇ ಮರ್ಯಾದೆ ಅಂದ್ರು. ಅದಕ್ಕೇ ಆ ಸ್ಕ್ಯಾನರ್ ತಂದುಕೊಟ್ಟಿದ್ದು. ಕಿವಿ ಬೇಡ, ಕಣ್ಣಿದ್ರೆ ಸಾಕು ಅಂತ."

"ಗೊತ್ತಿದ್ದೂ ಗಾಡಿ ಅಲ್ಲಿಗೇ ಬಿಡ್ತಿದ್ರಾ?"

ಟೈಲರಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. "ಸ್ವಂತ ಅಳಿಯನೇ ಬೇರೆ ಕಡೆ ಬಿಟ್ರೆ, ಊರಿಗೆಲ್ಲ ಗೊತ್ತಾಗಿಬಿಡ್ತಿತ್ತಲ್ಲ ಮೇಡಂ."

ಟೈಲರಮ್ಮ ಚೀಲದಿಂದ ಇಸ್ತ್ರಿ ಮಾಡಿದ ಅಪ್ಪನ ಅಂಗಿಯೊಂದನ್ನು ತೆಗೆದಳು. ಮೊನ್ನೆ ಕಿತ್ತುಹೋಗಿದ್ದ ಗುಂಡಿಯನ್ನು ಹೊಲಿದು ತಂದಿದ್ದಳು. ಅದನ್ನು ಮಡಚಿ ಕಂಬಿಯ ಒಳಗೆ ನೆಲದ ಮೇಲಿಟ್ಟು, ಮೇಜಿನ ಹತ್ತಿರ ಬಂದು, ಎಲ್ಲಿ ಸಹಿ ಹಾಕಬೇಕು ಎಂದು ಕೇಳಿದಳು. ದಫೇದಾರ ಮೂರು ಕಡೆ ತೋರಿಸಿದ. ಮೂರು ಕಡೆಯೂ ಹಾಕಿದಳು. ಅವನು ಸಮಯ ಬರೆದ, ನಾಲ್ಕು ಮೂವತ್ತೈದು.

ಅವಳು ಗೇಟು ದಾಟಿ ಎಷ್ಟೋ ಹೊತ್ತಾದ ಮೇಲೆ ಮೇಸ್ತ್ರಿ ಈ ಕಡೆ ತಿರುಗಿದ. ಅಂಗಿ ಕಂಡಿತು. ಎತ್ತಿಕೊಂಡು ಗುಂಡಿಯ ಮೇಲೆ ಬೆರಳಾಡಿಸಿದ.

"ಮಗಳು ಬಂದಿದ್ಲಾ ದಫೇದಾರ್ರೇ?"

ದಫೇದಾರ ಹೌದೆಂದು ತಲೆಯಾಡಿಸಿದ.

"ಇಲ್ಲೇ ಕೂತಿದ್ದೆ," ಅಂದ ಮೇಸ್ತ್ರಿ. "ಬೇರೇನೂ ಕೇಳಿಸದಿದ್ರೂ, ಅವಳು ಒಂದು ಸಲ ಅಪ್ಪಾ ಅಂತ ಕೂಗಿದ್ರೆ ಕೇಳಿಸ್ತಿತ್ತು. ಕರೀಲೇ ಇಲ್ಲ."